ಶೆಡ್ಡಿಗೆ ಮನೆ ಎಂದವರು ಯಾರು?

ನಾನು ಶಾಲೆ ಬಿಟ್ಟಿದ್ದು 2001ರಲ್ಲಿ, ಆರನೇ ತರಗತಿಯಲ್ಲಿ. ಆಮೇಲೆ ಯಾರಾದರೂ ನನ್ನನ್ನು ಕೂರಿಸಿ ಪಾಠ ಹೇಳಿದ್ದು ಮೊನ್ನೆ ಮೊನ್ನೆ, ಜೆ.ಪಿ. ನಗರದಲ್ಲಿ ನಾವು ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಸೈಟ್ ಆಫೀಸಿನಲ್ಲಿ. ಟಿ.ವಿ. ತುಂಬ ಹಳದಿ ಚುಕ್ಕೆಗಳು ಇರುವೆಗಳಂತೆ ಓಡಾಡುತ್ತಿದ್ದವು. ಕಾಲೇಜಿನಿಂದ ಬಂದಿದ್ದ ಮೇಡಂ ಒಂದರ ಮೇಲೆ ಬೆರಳಿಟ್ಟು, “ಇದು ನೀವು ಅಣ್ಣ” ಎಂದರು. ಯಾದಗಿರಿ ಬಿಟ್ಟು ಇಷ್ಟು ದೂರ ಬಂದು ಚುಕ್ಕೆಯಾದೆನಲ್ಲ ಎನಿಸಿತು.

ಸೈಟಿನಲ್ಲಿ ಜ್ವರ, ಕೆಮ್ಮು ಶುರುವಾಗಿತ್ತು. ಅದು ಹೇಗೆ ಹಬ್ಬುತ್ತದೆ, ಹೇಗೆ ತಡೆಯಬಹುದು ಎಂದು ಮೇಡಂ ಕಂಪ್ಯೂಟರಿನಲ್ಲಿ ಮೊದಲೇ ಓಡಿಸಿ ನೋಡುತ್ತಿದ್ದರು. ಅದಕ್ಕಾಗಿ ಎಲ್ಲರನ್ನೂ ಕೇಳಿದ್ದರು: ಯಾರ ಜೊತೆ ಕೆಲಸ, ಎಲ್ಲಿ ಊಟ, ಮನೆಯಲ್ಲಿ ಎಷ್ಟು ಜನ? ಅವ್ವ, ಇಬ್ಬರು ಮಕ್ಕಳು, ನಾವಿಬ್ಬರು. “ಐದು ಮಂದಿ ರೀ” ಎಂದಿದ್ದೆ. ಕಂಬಿ ಕಟ್ಟುವ ನಮ್ಮವರೆಲ್ಲ ಹಾಗೇ ನಾಲ್ಕು, ಆರು ಎಂದಿದ್ದರು.

“ತಂಡಗಳು ಬೇರೆ ಬೇರೆ ಕೆಲಸ ಮಾಡಿ ಮನೆಗೆ ಹೋದ್ರೆ ಕಾಯಿಲೆ ಅಲ್ಲಲ್ಲೇ ನಿಲ್ಲುತ್ತೆ” ಎಂದರು ಮೇಡಂ.

“ಸಖತ್! ಕೇಳಿಸ್ಕೊಂಡ್ರೇನ್ರಪ್ಪ?” ಎಂದ ಸೈಟಿನ ಮ್ಯಾನೇಜರ್.

ಆದರೆ ನಾವು ಹೇಳಿದ್ದು ಅವ್ವ, ಮಕ್ಕಳು ಇರುವ ಊರಿನ ಮನೆ. ನಮ್ಮ ಕಡೆ ಮನಿ ಎಂದರೆ ಹೊಸ್ತಿಲಿರಬೇಕು, ಒಲೆ ಇರಬೇಕು, ಹೆಸರು ಹಿಡಿದು ಕೂಗುವ ನೆರೆಯವರಿರಬೇಕು. ಇಲ್ಲಿಯವರಿಗೆ ಮಲಗುವ ಜಾಗವೇ ಮನೆ. ನಾವು ಮಲಗುವುದು ತಗಡಿನ ಶೆಡ್ಡಿನಲ್ಲಿ. ಒಂದು ಸಂಸಾರಕ್ಕೂ ಇನ್ನೊಂದಕ್ಕೂ ನಡುವಿನ ತಗಡು ಸೂರು ಮುಟ್ಟುವುದಿಲ್ಲ. ಒಬ್ಬರು ಕೆಮ್ಮಿದರೆ ಸಾಲಿಗೆಲ್ಲ ಕೇಳಿಸುತ್ತದೆ. ನೀರಿಗೆ ಒಂದೇ ಡ್ರಮ್ಮು, ಒಂದೇ ಮಗ್ಗು.

ಬಾಡಿಗೆ ಮನೆ ಹುಡುಕಲಿಲ್ಲವೇ ಎಂದು ಊರಿನವರು ಕೇಳುತ್ತಾರೆ. ಸೈಟಿಗೆ ಹತ್ತಿರದ ಚಿಕ್ಕಲಸಂದ್ರದಲ್ಲಿ ಕೇಳಿದ್ದೆ. ಒಂದು ಕಾಲಕ್ಕೆ ಅಲ್ಲೇ ರಾಗಿ ಬೆಳೆದವರು ಈಗ ಮಾಲೀಕರು. “ಲೇಬರ್‌ಗೆ ಕೊಡಲ್ಲ ಗುರು. ಇಬ್ರು ಅಂತೀರ, ಹತ್ತು ಜನ ಬರ್ತೀರ” ಎಂದರು. ಅವರ ತಲೆಯ ಮೇಲಿನ ಸೂರಿಗೆ ಕಂಬಿ ಕಟ್ಟಿದ ಕೈ ನಮ್ಮಂಥವರದೇ!

ವಾರದೊಳಗೆ ನಮ್ಮ ಪಕ್ಕದ ಸಂಸಾರ ಪೂರ್ತಿ ಜ್ವರದಿಂದ ಮಲಗಿತು. ನನ್ನ ಹೆಂಡತಿ ಬಸಮ್ಮ ಆರು ತಿಂಗಳ ಬಸುರಿ. ಅವಳಿಗೂ ಅವರಿಗೂ ನಡುವೆ ಇದ್ದದ್ದು ಅದೇ ತಗಡು. ಮ್ಯಾನೇಜರ್ ಮೂಗಿಗೆ ಕರ್ಚೀಫು ಹಿಡಿದು ಹೊರಗೇ ನಿಂತ. “ಗಲೀಜಾಗಿರೋದು ನೀವು. ಕಂಪ್ಯೂಟರ್ ಪ್ರಕಾರ ಇದು ಹರಡಲೇಬಾರದು.” ಕಾಯಿಲೆಯೂ ನಮ್ಮದೇ, ತಪ್ಪೂ ನಮ್ಮದೇ!

ಮೇಡಂ ಮಾತ್ರ ಒಳಗೆ ಬಂದರು. “ಮನೇಲಿ ಐದೇ ಜನ ಅಂದ್ರಲ್ಲ ಅಣ್ಣ?”

“ಅದು ನಮ್ಮ ಮನಿ ರೀ. ಇದಕ್ಕ ಮನಿ ಅಂತ ಯಾರು ಅಂತಾರ?”

ಅವರು ಸುತ್ತ ನೋಡಿದರು. “ಬಂದು ನೋಡಿ ಆಮೇಲೆ ಕೇಳ್ಬೇಕಿತ್ತು” ಎಂದರು. ಆಫೀಸಿನಲ್ಲಿ ನಮ್ಮೆದುರೇ ಇಡೀ ಶೆಡ್ಡನ್ನು ಒಂದೇ ಮನೆ ಮಾಡಿ ಮತ್ತೆ ಓಡಿಸಿದಾಗ ಹಳದಿ ಚುಕ್ಕೆಗಳಿಗೆಲ್ಲ ಕಾಯಿಲೆ ತಗುಲಿ ಟಿ.ವಿ. ಕೆಂಪಗಾಯಿತು. ಕಾಯಿಲೆಯವರನ್ನೂ ಸಂಸಾರಸ್ಥರನ್ನೂ ಕಟ್ಟಡದ ಕೆಳ ಅಂತಸ್ತಿನ ಖಾಲಿ ಫ್ಲಾಟುಗಳಿಗೆ ಬೇರೆ ಬೇರೆಯಾಗಿ ಹಾಕಿ ಎಂದು ಮ್ಯಾನೇಜರ್‌ಗೆ ಹೇಳಿದರು.

“ಮೋಲ್ಡ್ ಆಗ್ಲಿ ಮೇಡಂ, ನೋಡೋಣ” ಎಂದ ಅವನು. ಸೂರಿಗೆ ಕಾಂಕ್ರೀಟ್ ಸುರಿಯುವುದಕ್ಕೆ ಇಲ್ಲಿ ಮೋಲ್ಡ್ ಎನ್ನುತ್ತಾರೆ.

ನಾನು ಎದ್ದು ನಿಂತೆ. “ಕಂಬಿ ಕಟ್ಟದ ಮೋಲ್ಡ್ ಹೆಂಗ ಆಗ್ತದ ರೀ ಸಾರ್?”

“ಏನೋ, ಧಮ್ಕಿನಾ?”

“ಅಲ್ರೀ. ಬಸುರಿ ಹೆಂಡ್ತಿ ಇರೋನು ಕೇಳೋ ಮಾತು.”

ಅವತ್ತು ನಮ್ಮ ತಂಡದ ಒಬ್ಬನೂ ಮೇಲೆ ಹತ್ತಲಿಲ್ಲ. ಸಂಜೆಗೆ ಫ್ಲಾಟು ಸಿಕ್ಕಿತು. ಪಕ್ಕದ ಮಲ್ಲಪ್ಪ ಜ್ವರದಲ್ಲೂ ನಕ್ಕ: “ಕೆಮ್ಮಿದ್ರ ಸಾಹುಕಾರ್ರ ಹಾಲ್‌ನಾಗ ಕೆಮ್ಮಬೇಕು ನೋಡೋ ಮಾವ!”

ಟೈಲ್ಸ್ ಹಾಕುವವರು ಬಂದ ದಿನ ನಮ್ಮನ್ನು ಎಬ್ಬಿಸುತ್ತಾರೆ, ಗೊತ್ತು. ಹೆರಿಗೆಗೆ ಊರಿಗೆ ಬಾ ಎನ್ನುತ್ತಾಳೆ ಅವ್ವ. ಬಸಮ್ಮ ಇಲ್ಲಿಯ ಆಸ್ಪತ್ರೆಯೇ ಇರಲಿ ಎನ್ನುತ್ತಾಳೆ. ಸದ್ಯಕ್ಕೆ ನಮಗಿರುವುದು ಬಾಗಿಲಿಲ್ಲದ ಕೋಣೆ ಒಂದು, ಕಿಟಕಿ ಎರಡು. ಜ್ವರ ತಾಗದ ಹೆಂಡತಿ ಒಬ್ಬಳು. ಊರಿನಲ್ಲಿ ಮಕ್ಕಳು ಇಬ್ಬರು, ಇಲ್ಲಿ ಹೊಟ್ಟೆಯಲ್ಲಿರುವುದು ಒಂದು.