ಕಿಕ್ಕೇರಿಯಲ್ಲಿ ಹಿಮ, ಪಾಂಡವಪುರದಲ್ಲಿ ಧನುರ್ಮಾಸ

ಕಳೆದ ಡಿಸೆಂಬರಿನಲ್ಲಿ ಕಿಕ್ಕೇರಿಯಲ್ಲಿ ಮೊಣಕಾಲುದ್ದ ಹಿಮ ಬಿತ್ತು. ಕೆ.ಆರ್.ಎಸ್. ನಾಲೆ ಹೆಪ್ಪುಗಟ್ಟಿ ಹುಡುಗರು ಅದರ ಮೇಲೆ ಜಾರಾಡಿದರು. ನಾಗಮಂಗಲದ ಹೆಂಚಿನ ಮನೆಯೊಂದರ ಚಿಮಣಿಯಿಂದ ಕೆಂಪು ಅಂಗಿಯ ಅಜ್ಜನೊಬ್ಬ ಇಳಿದ.

ಗಾಬರಿ ಬೇಡ. ನಿಮ್ಮ ಕಬ್ಬಿಗೇನೂ ಆಗಿಲ್ಲ. ಇದೆಲ್ಲ ನಡೆದದ್ದು ಕತೆಗಳಲ್ಲಿ.

ನಮ್ಮ ಪಾಂಡವಪುರದ ಗೆಳೆಯರ ಬಳಗದವರು ಈ ಸಲ ಕ್ರಿಸ್ಮಸ್ ಕಥಾಸ್ಪರ್ಧೆ ಇಟ್ಟಿದ್ದರು. ಯುಗಾದಿಗೆ, ದೀಪಾವಳಿಗೆ ಇಟ್ಟೂ ಇಟ್ಟೂ ಬೇಜಾರಾಗಿತ್ತೋ ಏನೋ. ಮೂವರು ತೀರ್ಪುಗಾರರಲ್ಲಿ ನಾನೂ ಒಬ್ಬ. ಬರೆದವರ ಹೆಸರಿನ ಮೇಲೆ ಕಾಗದ ಅಂಟಿಸಿ ಕತೆಗಳ ದೊಡ್ಡ ಕಟ್ಟೊಂದನ್ನು ಮನೆಗೆ ತಂದಿಟ್ಟರು.

ಅದೇ ವಾರ ನನಗೆ ಬೀದಿನಾಯಿ ಕಚ್ಚಿತು. (ಕತೆಗಾರರು ಛೂ ಬಿಟ್ಟದ್ದಲ್ಲ. ಫಲಿತಾಂಶ ಇನ್ನೂ ಬಂದಿರಲಿಲ್ಲ.) ದಿನಾ ಸರ್ಕಾರಿ ಆಸ್ಪತ್ರೆಗೆ ಹೋಗಿ ಹೊಕ್ಕುಳ ಸುತ್ತ ಸೂಜಿ ಚುಚ್ಚಿಸಿಕೊಳ್ಳಬೇಕು. ಚುಚ್ಚುವವರು ಸಿಸ್ಟರ್ ಫಿಲೋಮಿನಾ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಹುಟ್ಟಿ ಬೆಳೆದವರು. ಗಂಡ ಚೌರಪ್ಪ ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ನೌಕರ.

ಕ್ಯೂನಲ್ಲಿ ಕೂತು ಓದೋಣವೆಂದು ಕತೆಗಳ ಕಟ್ಟನ್ನೂ ಒಯ್ಯುತ್ತಿದ್ದೆ. ಬಿಡುವು ಸಿಕ್ಕಾಗ ಸಿಸ್ಟರೂ ಓದತೊಡಗಿದರು. ಒಂದು ದಿನ ಸೂಜಿ ಮೇಲೆತ್ತಿ ಹಿಡಿದುಕೊಂಡೇ ಕೇಳಿದರು:

"ಸಾರ್, ಈ ಕತೆಗಳಲ್ಲೆಲ್ಲಾ ನರ್ಸು ಯಾಕ್ ಸಾರ್ ಸಾಯ್ತಾಳೆ?"

"ತ್ಯಾಗ ಕಣಮ್ಮ," ಅಂದೆ. (ಸೂಜಿ ಅವರ ಕೈಯಲ್ಲಿತ್ತು. ಮೆತ್ತಗೇ ಅಂದೆ.)

"ಓದಿದ್ ಅಷ್ಟ್ರಲ್ಲೂ ನಾನು ಸತ್ತೋಗಿವ್ನಿ. ಒಂದ್ರಲ್ಲಾದ್ರೂ ನಂಗೊಂದು ಇನ್‌ಕ್ರಿಮೆಂಟ್ ಕೊಡ್ಸಕಾಗ್ನಿಲ್ವಾ ನಿಮ್ಮೋರ್ಗೆ?"

ನ್ಯಾಯವಾದ ಪ್ರಶ್ನೆ. ನಮ್ಮ ಕ್ರಿಸ್ಮಸ್ ಕತೆಗಳಲ್ಲಿ ಕ್ರೈಸ್ತರಿಗೆ ಇರುವುದು ಎರಡೇ ಉದ್ಯೋಗ. ಹೆಂಗಸಾದರೆ ನರ್ಸ್, ಗಂಡಸಾದರೆ ಕುಡುಕ. ನರ್ಸ್ ಸಾಯುತ್ತಾಳೆ. ಅವಳ ಶವದ ಮುಂದೆ ಕುಡುಕ ಬಾಟಲಿ ಒಡೆಯುತ್ತಾನೆ. ಜೊತೆಗೆ ಒಂದು ಅನಾಥ ಮಗು ಕಡ್ಡಾಯ. ಒಬ್ಬ ಜಿಪುಣ ಸಾಹುಕಾರನೂ ಕಡ್ಡಾಯ. ಕೊನೆಯ ಪ್ಯಾರಾದಲ್ಲಿ ಅವನ ಹೃದಯ ಕರಗಲೇಬೇಕು. ನಮ್ಮ ಕಡೆಯ ಆಲೆಮನೆ ಸಾಹುಕಾರರು ಯಾರಾದರೂ ಹಾಗೆ ಕರಗಿದ್ದನ್ನು ನೀವು ಕಂಡಿದ್ದೀರಾ?

ತಂತ್ರದ ವಿಷಯಕ್ಕೆ ಬಂದರೆ ಇನ್ನೂ ಚೆನ್ನ. ಚರ್ಚಿನ ಗಂಟೆ ಹೊಡೆದ ತಕ್ಷಣ ಫ್ಲ್ಯಾಶ್‌ಬ್ಯಾಕ್ ಶುರು. ಗಂಟೆ ನಿಲ್ಲುವುದರೊಳಗೆ ನಾಯಕನ ಬಾಲ್ಯ, ಮದುವೆ, ವಿರಹ ಎಲ್ಲ ಮುಗಿದಿರುತ್ತದೆ. ಬಾಗಿಲಿಗೆ ಬಂದ ಮುದಿ ಭಿಕ್ಷುಕ ಕಳೆದುಹೋದ ಅಪ್ಪನೇ ಆಗಿರುತ್ತಾನೆ. ಮೇಣದಬತ್ತಿ ಆರಿತು ಅಂದರೆ ಯಾರೋ ಸತ್ತರು ಅಂತ ಅರ್ಥ. (ಕರೆಂಟು ಹೋದಾಗಲೆಲ್ಲ ನಮ್ಮ ಮನೆಯಲ್ಲಿ ಮೇಣದಬತ್ತಿ ಹಚ್ಚಿ ಆರಿಸುತ್ತೇವೆ. ಎಲ್ಲರೂ ಚೆನ್ನಾಗಿದ್ದೇವೆ.)

ಮತ್ತೆ ಸಾಮಾಜಿಕ ಕಳಕಳಿ? ಧಾರಾಳವಾಗಿದೆ. ಬಡತನ ಇದೆ, ಹಸಿವು ಇದೆ, ಚಳಿಗೆ ನಡುಗುವ ಮಗು ಇದೆ. ಇದಕ್ಕೆಲ್ಲ ಕಾರಣ ಯಾರು ಅನ್ನುವುದು ಮಾತ್ರ ಯಾವ ಕತೆಯಲ್ಲೂ ಇಲ್ಲ. ಹಸಿವೂ ಹಿಮದ ಹಾಗೆ ಮೇಲಿನಿಂದ ತಾನಾಗಿ ಉದುರುತ್ತದೆ.

ಒಂದು ಕತೆ ಮಾತ್ರ ಬೇರೆಯಾಗಿತ್ತು. ಹಿಮವಿಲ್ಲ, ನರ್ಸ್ ಇಲ್ಲ. ತುಂಬು ಬಸುರಿ ಮೇರಿಯನ್ನು ಕರೆದುಕೊಂಡು ಜೋಸೆಫ್ ಛತ್ರದ ಬಾಗಿಲು ತಟ್ಟುತ್ತಾನೆ. ಜಾಗ ಇಲ್ಲ ಅನ್ನುತ್ತಾನೆ ಛತ್ರದ ಯಜಮಾನ. ಕತೆ ಹೇಳುತ್ತಿರುವವನು ಆ ಯಜಮಾನನೇ. ಮುಪ್ಪಿನಲ್ಲಿ ಒಬ್ಬನೇ ಕೂತು, ತಾನು ಅಂದು ಹಾಕಿದ ಅಗುಳಿಯ ಸದ್ದನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದಾನೆ. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ಸುಳ್ಳೇಕೆ ಹೇಳಲಿ, ಮೂವರೂ ಅದಕ್ಕೇ ಮೊದಲ ಸ್ಥಾನ ಕೊಟ್ಟೆವು.

ಈ ನಡುವೆ ಸಿಸ್ಟರ್ ಸಪ್ಪಗಾಗಿದ್ದರು. ಅವರಿದ್ದ ಬಾಡಿಗೆ ಮನೆಯನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ಕ್ರಿಸ್ಮಸ್ ಒಳಗೆ ಖಾಲಿ ಮಾಡಬೇಕು. ಗಂಡ, ಇಬ್ಬರು ಹೆಣ್ಣುಮಕ್ಕಳು, ಪಾತ್ರೆ ಪಡಗ ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

"ಎಲ್ ಕೇಳುದ್ರೂ ಧನುರ್ಮಾಸ ಅಂತಾರೆ ಸಾರ್. ಸಂಕ್ರಾಂತಿ ಕಳ್ದು ಬನ್ನಿ ಅಂತಾರೆ."

ನಮ್ಮ ಸೀಮೆಯ ಪದ್ಧತಿ ನಿಮಗೆ ಗೊತ್ತಲ್ಲ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯ ತನಕ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಹಾಗಿಲ್ಲ. ಮನೆ ಕೆಡವುವುದಕ್ಕೆ ಮಾಸ ಅಡ್ಡಿಯಿಲ್ಲ, ಕೊಡುವುದಕ್ಕೆ ಮಾತ್ರ ಅಡ್ಡಿ. ನಮ್ಮಜ್ಜಿಯೂ ಧನುರ್ಮಾಸವನ್ನು ಕಟ್ಟುನಿಟ್ಟಾಗಿ ಹಿಡಿದವಳೇ. ಬೆಳಗಿನ ಜಾವಕ್ಕೇ ಎದ್ದು ಹುಗ್ಗಿ ಮಾಡಿ, "ಬಾಗ್ಲಿಗ್ ಬಂದೋರ್ನ ಬರಿಗೈಲಿ ಕಳುಸ್ಬ್ಯಾಡ ಕಣ್ಲಾ, ಇದು ದೇವ್ರ ತಿಂಗ್ಳು" ಅನ್ನುತ್ತಿದ್ದಳು. ಇದೇ ಮಾಸಕ್ಕೆ ಅವಳ ಅರ್ಥ ಅದಾಗಿತ್ತು.

ನಮ್ಮ ಹಿಂದಿನ ಬೀದಿಯಲ್ಲಿ ರಾಮಣ್ಣ ಮೇಷ್ಟ್ರ ಮನೆಯಿದೆ. ರಿಟೈರ್ಡ್ ಹೆಡ್‌ಮಾಸ್ಟರು, ಓದಿಕೊಂಡವರು, ಮೃದು ಮಾತಿನವರು. ಅವರ ಮಹಡಿ ಮನೆಗೆ 'ಬಾಡಿಗೆಗೆ ಇದೆ' ಬೋರ್ಡು ತೂಗುತ್ತಿತ್ತು. ಸಿಸ್ಟರನ್ನು ಕರೆದುಕೊಂಡು ಹೋದೆ. ಕಾಫಿ ಕೊಟ್ಟರು. ಕ್ರೈಸ್ತರ ಸೇವಾ ಮನೋಭಾವದ ಬಗ್ಗೆ ಒಂದು ಸಣ್ಣ ಭಾಷಣವನ್ನೂ ಕೊಟ್ಟರು.

"ಮನೆ ನಿಮ್ದೇ ಅಂತ ತಿಳ್ಕಳಿ ಸಿಸ್ಟರ್. ಆದ್ರೆ ಈಗ ಧನುರ್ಮಾಸ ನೋಡಿ."

"ನಮ್ಗೆ ಧನುರ್ಮಾಸ ಇಲ್ವಲ್ಲ ಸಾರ್."

"ನಿಮ್ಗಿಲ್ಲ ತಾಯಿ. ಮನೆಗಿದೆಯಲ್ಲ!"

ಗೋಡೆಗೂ ಪಂಚಾಂಗ! ನಾನು ಬಾಯಿ ತೆರೆಯುವಷ್ಟರಲ್ಲಿ ಸಿಸ್ಟರ್ ಎದ್ದು ನಮಸ್ಕಾರ ಹೇಳಿಯಾಗಿತ್ತು. ಆಮೇಲೆ ಎಷ್ಟೋ ಬಾಗಿಲು ತಟ್ಟಿದೆವು. ಎಲ್ಲ ಕಡೆಯೂ ಕಾಫಿ, ಎಲ್ಲ ಕಡೆಯೂ ಸಂಕ್ರಾಂತಿ.

ಕೊನೆಗೆ ಜಾಗ ಕೊಟ್ಟವನು ಚಿನಕುರಳಿಯ ಬೋರೇಗೌಡ. ನಮ್ಮ ಬೀದಿಗೆ ಹಾಲು ತರುವವನು. ನಮ್ಮ ಜಗುಲಿಯ ಮೇಲೆ ಸಿಸ್ಟರ್ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ನೋಡಿ ಕ್ಯಾನು ಕೆಳಗಿಟ್ಟ.

"ಎಮ್ಮೆ ಮಾರ್ಬುಟ್ಟೆ ಕನವ್ವ. ಕೊಟ್ಟಿಗೆ ಅರ್ಧ ಖಾಲಿ ಬಿದ್ದದೆ. ಮಧ್ಯಕ್ಕೊಂದು ಗೋಡೆ ಎತ್ಸಿವ್ನಿ, ಸುಣ್ಣ ಹೊಡ್ಸಿವ್ನಿ. ಬಂದು ಇದ್ಬುಡಿ."

"ಧನುರ್ಮಾಸ ಅಲ್ವೇನಯ್ಯ?" ಅಂತ ನಾನೇ ಕೆಣಕಿದೆ.

"ದನಿನ್ ಮನೆಗ್ಯಾವ ಧನುರ್ಮಾಸ ಬುಡಿ ಸಾ! ಮೊನ್ನೆ ಅಸ ಈಯ್ತು, ಕರ ಏನ್ ಪಂಚಾಂಗ ನೋಡ್ಕಂಡ್ ಬಂತಾ?"

ಹೀಗೆ ಕ್ರಿಸ್ಮಸ್ ಹೊತ್ತಿಗೆ ಒಂದು ಕ್ರೈಸ್ತ ಸಂಸಾರಕ್ಕೆ ಕೊಟ್ಟಿಗೆಯಲ್ಲಿ ಜಾಗ ಸಿಕ್ಕಿತು. ಯಾರಾದರೂ ಇದನ್ನು ಬರೆದು ಸ್ಪರ್ಧೆಗೆ ಕಳಿಸಿದ್ದರೆ, 'ಕಾಕತಾಳೀಯ ಅತಿಯಾಯಿತು' ಎಂದು ಷರಾ ಹಾಕಿ ನಾನೇ ಪಕ್ಕಕ್ಕೆಸೆಯುತ್ತಿದ್ದೆ. ಚೌರಪ್ಪ ಸೂರಿಗೆ ಕಾಗದದ ನಕ್ಷತ್ರ ಕಟ್ಟಿದರು. ಮಕ್ಕಳು ಬಾಲಯೇಸುವಿಗೆ ಹುಲ್ಲು ಹಾಸಿ ಗೋದಲಿ ಮಾಡಿದರು. ಬೆಳಗಾಗುವುದರೊಳಗೆ ಬೋರೇಗೌಡನ ಕರು ಹಗ್ಗ ಬಿಚ್ಚಿಕೊಂಡು ಬಂದು ಹುಲ್ಲನ್ನೆಲ್ಲ ತಿಂದು ಮುಗಿಸಿತ್ತು. ಯಾವ ಕತೆಗಾರನಿಗೆ ಹೊಳೆದಿತ್ತು ಹೇಳಿ, ಈ ಕರು?

ಆಮೇಲೆ ಬಹುಮಾನ ಸಮಾರಂಭ. ಮೇಣದಬತ್ತಿ ಬೆಳಗಿಸಲು ಬಳಗದವರಿಗೆ ಕ್ರೈಸ್ತರೊಬ್ಬರು ಬೇಕಿತ್ತು, ಸಿಸ್ಟರನ್ನು ಕರೆದರು. ಅಂಟಿಸಿದ್ದ ಕಾಗದ ಕಿತ್ತು ಮೊದಲ ಬಹುಮಾನದ ಹೆಸರು ಓದಿದರು.

ರಾಮಣ್ಣ ಮೇಷ್ಟ್ರು.

ಶಾಲು ಹೊದ್ದುಕೊಂಡೇ ಮೇಷ್ಟ್ರು ಕತೆ ಓದಿದರು. ಛತ್ರದ ಯಜಮಾನ ಅಗುಳಿ ಹಾಕುವ ಜಾಗಕ್ಕೆ ಬಂದಾಗ ಧ್ವನಿ ನಡುಗಿತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಭೆಯೂ ಮೂಗು ಸೀಟಿತು. ನಟನೆ ಅಲ್ಲ ಸ್ವಾಮಿ, ನಿಜವಾದ ಕಣ್ಣೀರು. ಮುಂದಿನ ಸಾಲಿನಲ್ಲೇ ಸಿಸ್ಟರ್ ಕೂತಿದ್ದರು. ಮೇಷ್ಟ್ರು ಅವರ ಕಡೆ ನೋಡಿ ಕೈಯನ್ನೂ ಮುಗಿದರು. ಎರಡು ಸಾವಿರ ವರ್ಷದ ಹಿಂದಿನ ಬಾಗಿಲಿಗೆ ಅಳುವುದು ಎಷ್ಟು ಸಲೀಸು, ಅಲ್ಲವೇ? ಅದರ ಬೀಗದ ಕೈ ನಮ್ಮ ಜೇಬಿನಲ್ಲಿರುವುದಿಲ್ಲ.

ಸಂಕ್ರಾಂತಿ ಬಂತು. ಮಾರನೆಯ ದಿನವೇ ನಾನೂ ಸಿಸ್ಟರೂ ಮೇಷ್ಟ್ರ ಮನೆಗೆ ಹೋದೆವು. ಬೋರ್ಡು ಇರಲಿಲ್ಲ. ಮಹಡಿಯ ಮೇಲೆ ಯಾರದೋ ಸೀರೆ ಒಣಗುತ್ತಿತ್ತು.

"ಅಯ್ಯೋ, ನಮ್ಮಳಿಯನ ಕಡೆಯೋರು ಬಂದ್ಬುಟ್ರು ಸಿಸ್ಟರ್. ಇಲ್ಲ ಅನ್ನಕಾಯ್ತದಾ?" ಅಂದರು ಮೇಷ್ಟ್ರು. ಮತ್ತೆ ಕಾಫಿ ಬಂತು.

ಹೊರಡುವಾಗ ಮಹಡಿಯ ಬಾಗಿಲು ಕಣ್ಣಿಗೆ ಬಿತ್ತು. ಹಾಲು ಉಕ್ಕಿಸಿದ ದಿನ ಕಟ್ಟಿದ್ದ ಮಾವಿನ ತೋರಣ ಪೂರಾ ಒಣಗಿ, ಎಲೆಗಳು ಸುರುಳಿಯಾಗಿದ್ದವು. ಸಂಕ್ರಾಂತಿಯ ಮಾರನೆಯ ದಿನಕ್ಕೇ ಅಷ್ಟು ಒಣಗಬೇಕಾದರೆ ಕಟ್ಟಿದ್ದು ಯಾವಾಗ? ಧನುರ್ಮಾಸದಲ್ಲೇ. ಗೋಡೆಗಿದ್ದ ಮಾಸ ಅಳಿಯನ ಕಡೆಯವರಿಗೆ ರಜೆ ಕೊಟ್ಟಿತ್ತು.

ನಾನು ಸಿಟ್ಟಿನಿಂದ ವಾಪಸ್ ತಿರುಗಿದೆ. ಸಿಸ್ಟರ್ ತಡೆದರು. ಚಿನಕುರಳಿ ಬಸ್ಸಿಗೆ ಹೊತ್ತಾಗಿತ್ತು.

"ಬುಡಿ ಸಾರ್. ಮೇಷ್ಟ್ರ ಕತೇಲಿರೋ ಆ ಛತ್ರದೋನೇ ವಾಸಿ. ಜಾಗ ಇಲ್ಲ ಅಂದ, ನಿಜವಾಗ್ಲೂ ಜಾಗ ಇರ್ನಿಲ್ಲ."