ಭಾನುವಾರದ ಪೊಟ್ಟಣ

ಮಳವಳ್ಳಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಮದುವೆಯಾದ ಮರುವರ್ಷದಿಂದ ಅದನ್ನು ನಡೆಸುತ್ತಿರುವವಳು ನಾನೇ. ರಾಗಿ ತುಂಬಿದ ಡಬ್ಬವನ್ನು ತಲೆಗಿಂತ ಮೇಲಕ್ಕೆತ್ತಿ ಯಂತ್ರದ ಬಾಯಿಗೆ ಸುರಿಯಬೇಕು. ಹತ್ತೊಂಬತ್ತು ವರ್ಷ ಸುರಿದೆ. ಒಂದು ಬೆಳಿಗ್ಗೆ ಬಲಭುಜದೊಳಗೆ ಏನೋ ಕಿತ್ತುಬಂದಂತಾಗಿ ಡಬ್ಬ ಕೈ ತಪ್ಪಿತು. ರಾಗಿಯೆಲ್ಲ ನೆಲದ ಪಾಲಾಯಿತು.

ಮಂಡ್ಯದ ಮೂಳೆ ಡಾಕ್ಟರು ಸ್ಕ್ಯಾನ್ ನೋಡಿ, ಭುಜದ ಸ್ನಾಯುವನ್ನು ಮೂಳೆಗೆ ಹಿಡಿದಿಡುವ ನಾರು ಹರಿದಿದೆ, ಆಪರೇಷನ್ ಆಗಬೇಕು ಎಂದರು. ರಕ್ತಪರೀಕ್ಷೆ ನೋಡಿ, ಬಿಸಿಲಿನಿಂದ ಸಿಗುವ ವಿಟಮಿನ್ ಡಿ ತೀರಾ ಕಮ್ಮಿಯಿದೆ ಎಂದೂ ಹೇಳಿದರು. ಜೊತೆಗೆ ಬಂದಿದ್ದ ನಮ್ಮತ್ತೆಗೆ ಸಿಟ್ಟು ಬಂತು.

“ನಮ್ಮೂರಲ್ಲಿ ಬಿಸ್ಲಿಗೆ ಬರವಾ ಸ್ವಾಮಿ?”

“ಊರಲ್ಲಿ ಬೇಕಾದಷ್ಟಿದೆ ಅಮ್ಮ. ನಿಮ್ಮ ಸೊಸೆ ಹಗಲೆಲ್ಲ ಎಲ್ಲಿರ್ತಾರೆ?”

ಹೊತ್ತು ಹುಟ್ಟುವ ಮೊದಲು ಗಿರಣಿ ಹೊಕ್ಕರೆ ನಾನು ಹೊರಬರುತ್ತಿದ್ದದ್ದು ದೀಪ ಹಚ್ಚುವ ಹೊತ್ತಿಗೆ.

ಆಪರೇಷನ್ ಆಯಿತು. ಆರು ವಾರ ಕೈ ಪಟ್ಟಿಯಲ್ಲೇ ತೂಗಿತು. ಎಪ್ಪತ್ತರ ಹತ್ತಿರವಿದ್ದ ಅತ್ತೆ ಸ್ಟೂಲು ಹತ್ತಿ, ಸೇರು ಸೇರಾಗಿ ರಾಗಿ ಸುರಿದು ಗಿರಣಿ ನಡೆಸಿದರು. ನನಗೆ ಭಾನುವಾರಕ್ಕೊಂದರಂತೆ ಎಂಟು ವಾರ ವಿಟಮಿನ್ ಪುಡಿಯ ಪೊಟ್ಟಣ, ಹಾಲಿನಲ್ಲಿ ಬೆರೆಸಿ ಕುಡಿಯಲು. ಮೊದಲನೆಯದನ್ನು ಕುಡಿದೆ. ಸೋಮವಾರ ಬೆಳಿಗ್ಗೆ ಅತ್ತೆ ಮತ್ತೊಂದು ಲೋಟ ಹಿಡಿದು ನಿಂತಿದ್ದರು.

“ಕುಡಿ ಕಣಮ್ಮಿ. ದಿನಕ್ಕೊಂದು ಕುಡುದ್ರೆ ತೋಳು ಬಿರ್ನೆ ಕೂಡ್ಕತದೆ.”

“ವಾರಕ್ಕೊಂದು ಅಂದವ್ರೆ ಅತ್ತೆ.”

“ಅವ್ರೇನು ಬಂದು ನಮ್ಮ ಮಿಲ್ಲು ನಡಸ್ತಾರಾ?”

ಅವರ ಸುಸ್ತಾದ ಮುಖ ನೋಡಿ ಲೋಟ ಕೈಗೆ ತೆಗೆದುಕೊಂಡೆ. ತುಟಿಯ ಹತ್ತಿರ ತಂದವಳು ಯಾಕೋ ಹೆದರಿ ಡಾಕ್ಟರಿಗೆ ಫೋನ್ ಮಾಡಿದೆ.

“ಕುಡೀಬೇಡಿ!” ಅವರ ಕೂಗು ಅತ್ತೆಗೂ ಕೇಳಿಸಿತು. “ಹೆಚ್ಚಾದ್ರೆ ಕಿಡ್ನಿಗೇ ಪೆಟ್ಟು. ಪುಡಿ ಕೊರತೆ ತುಂಬತ್ತೆ, ಅಷ್ಟೆ. ನಾರು ಕೂಡೋಕೆ ಕಾಲ ಬೇಕು, ವ್ಯಾಯಾಮ ಬೇಕು.”

ಅತ್ತೆ ನನ್ನ ಕೈಯಿಂದ ಲೋಟ ಕಿತ್ತುಕೊಂಡು ಹಾಲು ಚೆಲ್ಲಿದರು. ಉಳಿದ ಪೊಟ್ಟಣಗಳನ್ನು ತಮ್ಮ ಸೀರೆಯ ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದರು. ಭಾನುವಾರ ಬಿಟ್ಟರೆ ಆ ಬೀಗ ತೆರೆಯಲಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ನಿಜವಾದ ನೋವು ಶುರುವಾಯಿತು. ಗಿರಣಿಯ ಹೊರಗೋಡೆಗೆ ಬಿಸಿಲು ಬೀಳುವ ಹೊತ್ತಿಗೆ ಅಲ್ಲಿ ನಿಂತು, ಗೋಡೆಯ ಮೇಲೆ ಬೆರಳುಗಳನ್ನು ಜೇಡದ ಹಾಗೆ ಹತ್ತಿಸಬೇಕಿತ್ತು. ಕೈ ಮುಟ್ಟಿದ ಕಡೆ ಅತ್ತೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ನಾನು ಹಲ್ಲು ಕಚ್ಚಿ ಅಳುತ್ತಿದ್ದರೂ, “ನಿನ್ನೆ ಗೆರೆ ದಾಟ್ಲಿಲ್ವಲ್ಲ, ಇನ್ನೊಸಿ ಎತ್ತು” ಎನ್ನುತ್ತಿದ್ದರು. ನಾಲ್ಕನೇ ತಿಂಗಳಲ್ಲಿ ನನ್ನ ಜಡೆ ನಾನೇ ಹೆಣೆದುಕೊಂಡೆ. ಮತ್ತೆ ರಕ್ತ ಕೊಟ್ಟಾಗ ವಿಟಮಿನ್ನೂ ಸರಿಯಾಗಿತ್ತು.

ಎಂಟನೇ ತಿಂಗಳು ಭಾರ ಎತ್ತಲು ಡಾಕ್ಟರು ಒಪ್ಪಿದರು. ಮೊದಲು ಕಾಲು ಡಬ್ಬ, ಆಮೇಲೆ ಅರ್ಧ. ವರ್ಷ ತುಂಬುವ ಹೊತ್ತಿಗೆ, ಒಂದು ಸಂತೆಯ ದಿನ, ಸ್ಟೂಲು ಹತ್ತಲು ಹೊರಟ ಅತ್ತೆಯನ್ನು ತಡೆದು ತುಂಬಿದ ಡಬ್ಬಕ್ಕೆ ಕೈ ಹಾಕಿದೆ. ಸೊಂಟ, ಎದೆ, ಭುಜ, ತಲೆ ದಾಟಿ ಡಬ್ಬ ಮೇಲೆ ಹೋಯಿತು. ರಾಗಿ ಭೋರೆಂದು ಇಳಿಯಿತು. ಕಾದು ನಿಂತಿದ್ದ ಹೆಂಗಸರು ಕೂಗಿದರು, ನಾನೂ ಕೂಗಿದೆ. ಅತ್ತೆ ಕಣ್ಣಿಗೆ ಹಿಟ್ಟು ಬಿತ್ತೆಂದು ಸೆರಗು ಹಿಡಿದರು.

ಆವತ್ತು ಬಂದ ಡಬ್ಬಗಳಲ್ಲಿ ಒಂದನ್ನೂ ಅವರಿಗೆ ಮುಟ್ಟಗೊಡಲಿಲ್ಲ.