ಅಂಕಲ್ ಸೂನ್ ನುಂಗಿಕೊಂಡ ರಿಪೇರಿ

ಮಲಾಯ ನಾಡಿನ ಬಾತು ಗಾಜಾ ಪೇಟೆಯಲ್ಲಿ ಲಾಯ್ ಸೂನ್ ಫಾಟ್‌ನ ಗ್ಯಾರೇಜಿಗೆ ಬೋರ್ಡೇ ಇರಲಿಲ್ಲ. ಇಪ್ಪತ್ತು ವರ್ಷ ದಾಟಿದ, ಬೇರೆ ಮೆಕ್ಯಾನಿಕ್ಕುಗಳು ನೋಡಿ ಮೂಗು ಮುರಿಯುವ ಸಂಸಾರಸ್ಥರ ಕಾರುಗಳೆಲ್ಲ ಕುಂಟಿಕೊಂಡಾದರೂ ಅಲ್ಲಿಗೇ ಬಂದು ಸೇರುತ್ತಿದ್ದವು. ಮಲಾಯರಿರಲಿ, ತಮಿಳರಿರಲಿ, ತನ್ನ ಚೀನೀಯರೇ ಇರಲಿ, ಎಲ್ಲರಿಗೂ ಅವನು ಅಂಕಲ್ ಸೂನ್.

ಜನಕ್ಕೆ ಅವನನ್ನು ಕಂಡರೆ ಅಷ್ಟು ಪ್ರೀತಿ ಯಾಕೆ? ಕೈ ಚುರುಕು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ ಅವನ ಬಾಯಿಗಾಗಿ. ಗಿರಾಕಿ ಎಷ್ಟು ತಂದಿದ್ದಾನೆ ಎಂದು ಮಾತಿನ ಮಧ್ಯೆ ತಿಳಿದುಕೊಂಡು, ಅಷ್ಟರಲ್ಲಿ ವಾಸಿಯಾಗುವ ರೋಗಗಳನ್ನಷ್ಟೇ ಹೇಳುತ್ತಿದ್ದ. ಮಿಕ್ಕಿದ್ದನ್ನು ನುಂಗಿಕೊಂಡು, ಮುಂದಿನ ಸಲ ಬಂದಾಗ ಒಂದೊಂದಾಗಿ ಹೊರಗೆ ತೆಗೆಯುತ್ತಿದ್ದ. ಅವನಪ್ಪನಿಂದ ಬಂದ ಪಾಠ ಅದು: ಕೊಡಲಾಗದ ಲೆಕ್ಕವನ್ನು ಮುಖಕ್ಕೆ ಹಿಡಿದರೆ ಮನುಷ್ಯನ ಮಾನ ಕಳೆದ ಹಾಗೆ. ನಲವತ್ತು ವರ್ಷ ಹೀಗೇ ನಡೆಯಿತು. ಯಾರಿಗೂ ಏನೂ ಆಗಲಿಲ್ಲ, ಹಾಗಾಗಿ ಅದೇ ಸರಿಯಾದ ದಾರಿ ಎಂದು ಅವನೂ ನಂಬಿದ, ಊರೂ ನಂಬಿತು.

ಆ ವರ್ಷ ಮುಸಲ್ಮಾನರ ಉಪವಾಸದ ತಿಂಗಳು ಮುಗಿಯಲು ಮೂರು ದಿನ ಇರುವಾಗ ಜಮ್ರಿ ಬಂದ. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸ ಅವನದು. ಅಪ್ಪನಿಂದ ಬಂದ ಇಪ್ಪತ್ತೆರಡು ವರ್ಷದ ಬಿಳಿ ಕಾರು. ಬಾನೆಟ್ ಸಂದಿಯಿಂದ ಹಬೆ ಏಳುತ್ತಿತ್ತು.

"ಏನಪ್ಪಾ, ಸ್ಟೀಮರ್ ಹಡಗು ತಂದಿದೀಯಾ?" ಎಂದ ಸೂನ್.

"ನಗಬೇಡಿ ಅಂಕಲ್. ನಾಳೆ ಹೆಂಡತಿ ಮಕ್ಕಳನ್ನ ಬೆಟ್ಟದಾಚೆ ಕೆಲಾಂತಾನಿನ ತವರಿಗೆ ಕರ್ಕೊಂಡು ಹೋಗ್ಬೇಕು. ಎರಡು ವರ್ಷ ಆಯ್ತು ಅವಳು ಅಮ್ಮನ ಮುಖ ನೋಡಿ. ಬೆಟ್ಟ ಹತ್ತುತ್ತಾ ಇದು?"

"ಹತ್ತಿಸೋಣ. ನೀನೆಷ್ಟು ಇಟ್ಕೊಂಡಿದೀಯಾ?"

ಜಮ್ರಿ ಬೇರೆಲ್ಲೋ ನೋಡುತ್ತ, "ಆರುನೂರು" ಎಂದ.

ರೇಡಿಯೇಟರ್ ತೂತಾಗಿತ್ತು, ಇನ್ನೂರೆಂಬತ್ತು. ಹಿಂದಿನ ಬ್ರೇಕ್ ಶೂ ಸವೆದು ಹಾಳೆಯಾಗಿತ್ತು, ತೊಂಬತ್ತು. ಇಂಜಿನ್ ಮೌಂಟಿಂಗ್ ಹರಿದು ಕಾರೆಲ್ಲ ನಡುಗುತ್ತಿತ್ತು, ನೂರಮೂವತ್ತು. ಕೂಲಿ ನೂರು. ಅಲ್ಲಿಗೆ ಆರುನೂರು ರಿಂಗಿಟ್ ಸರಿಹೋಯಿತು.

ಸಂಜೆ ಕೊನೆಗೊಮ್ಮೆ ಜಾಕ್ ಮೇಲಿದ್ದ ಕಾರಿನ ಮುಂದಿನ ಎಡಚಕ್ರವನ್ನು ಹಿಡಿದು ಅಲ್ಲಾಡಿಸಿದ. ಕಟಕ್ ಎಂದಿತು. ಚಕ್ರವನ್ನು ಕೆಳಗಿನ ತೋಳಿಗೆ ಹಿಡಿದಿಡುವ ಬಾಲ್ ಜಾಯಿಂಟ್ ಸಡಿಲವಾಗಿತ್ತು. ಮುದಿ ಕಾರುಗಳಲ್ಲಿ ಹತ್ತಕ್ಕೆ ಆರರಲ್ಲಿ ಇರುವ ರೋಗವೇ. ಎಂಬತ್ತು ರಿಂಗಿಟ್ ಖರ್ಚು, ಒಂದು ಗಂಟೆ ಕೆಲಸ.

ಆಚೆ ಜಮ್ರಿ ನೂರರ ಆರು ನೋಟುಗಳನ್ನು ಮಡಿಸಿ ಹಿಡಿದು ನಿಂತಿದ್ದ. ಬಿಟ್ಟಿ ಮಾಡಿಕೊಡಬಹುದಿತ್ತಲ್ಲ ಎಂದರೆ, ಹಿಂದೊಮ್ಮೆ ಫ್ಯಾನ್ ಬೆಲ್ಟಿಗೆ ದುಡ್ಡು ಬೇಡವೆಂದಿದ್ದಕ್ಕೆ ಈ ಮನುಷ್ಯ ನಾಚಿಕೊಂಡು ಆರು ತಿಂಗಳು ಈ ಬೀದಿಗೇ ಕಾಲಿಟ್ಟಿರಲಿಲ್ಲ. ಸೂನ್ ಚಕ್ರವನ್ನು ಇನ್ನೊಮ್ಮೆ ಅಲ್ಲಾಡಿಸಿದ. ತಾಳುತ್ತೆ ಎಂದುಕೊಂಡ. ಹಬ್ಬ ಮುಗಿಸಿ ಬರಲಿ, ಆಗ ಹೇಳಿದರಾಯಿತು. ಮಾನವಂತೆ, ಮಣ್ಣಂತೆ! ಬಾಯಿ ಬಿಟ್ಟು ಒಂದು ಮಾತು ಹೇಳಲು ಅವನಿಗೇನು ಧಾಡಿಯಾಗಿತ್ತೋ.

"ಎಲ್ಲಾ ಸರಿಹೋಯ್ತಾ ಅಂಕಲ್?"

"ಸರಿಹೋಯ್ತು. ನಿಧಾನಕ್ಕೆ ಹೋಗು."

ಮಾರನೆಯ ಮಧ್ಯಾಹ್ನ ಬೆಟ್ಟ ಇಳಿಯುವ ರಸ್ತೆಯಲ್ಲಿ ಕಾರು ಇದ್ದಕ್ಕಿದ್ದಂತೆ ಎಡಕ್ಕೆ ಎಳೆದುಕೊಂಡು ಹೋಗಿ ಮರಕ್ಕೆ ಗುದ್ದಿತು. ಜಮ್ರಿ ಅಲ್ಲೇ ಸತ್ತ. ಹಿಂದೆ ಕೂತಿದ್ದ ಎರಡು ಹೆಣ್ಣುಮಕ್ಕಳು ಉಳಿದವು. ಹೆಂಡತಿ ರೊಸ್ನಾನಿಯ ಕೈ ಮುರಿಯಿತು. ಉಪವಾಸದ ಹೊಟ್ಟೆ, ಎರಡು ಗಂಟೆಯ ಬಿಸಿಲು, ತೂಕಡಿಸಿರಬೇಕು ಎಂದು ಪೊಲೀಸರು ಬರೆದುಕೊಂಡರು. ಊರೂ ಹಾಗೇ ಅಂದಿತು.

ಎರಡು ವಾರದ ಮೇಲೆ ಜಖಂ ಆದ ಕಾರನ್ನು ಲಾರಿಯಲ್ಲಿ ಹೇರಿಕೊಂಡು ತಂದು ಸೂನ್‌ನ ಹಿತ್ತಲಲ್ಲೇ ಇಳಿಸಿದರು, ಗುಜರಿಗೆ ಬಿಚ್ಚಲೆಂದು. ಅವನು ಮಂಡಿಯೂರಿ ಎಡಚಕ್ರದ ಹಿಂದೆ ಕೈ ಹಾಕಿದ. ಮರಕ್ಕೆ ಬಡಿದದ್ದು ಬಲಭಾಗ, ಎಡಕ್ಕೆ ಪೆಟ್ಟೇ ಬಿದ್ದಿರಲಿಲ್ಲ. ಆದರೂ ಜಾಯಿಂಟಿನ ಗುಂಡು ಬಟ್ಟಲಿನಿಂದ ಕಳಚಿ ಹೊರಗೆ ಬಂದಿತ್ತು. ಹಾಗೇ ನೆಲಕ್ಕೆ ಕೂತುಬಿಟ್ಟ.

ಹೇಳುವುದು ಯಾರಿಗೆ? ಹೇಳಿ ಆಗುವುದೇನು? ಸತ್ತವನು ಎದ್ದು ಬರುತ್ತಾನಾ? ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಒಂದು ತಿಂಗಳು ತಳ್ಳಿದ. ಆಮೇಲೆ ಕಾಫಿ ಅಂಗಡಿಯಲ್ಲಿ ಯಾರೋ ಅಂದರು: "ಪಾಪ, ಆ ಹುಡುಗಿ ರೊಸ್ನಾನಿ ಅನ್ನ ನೀರು ಬಿಟ್ಟು ಕೂತಿದಾಳೆ. ದಾರೀಲಿ ತಾನು ನಿದ್ದೆ ಹೋದೆ, ಮಾತಾಡ್ಸ್ತಾ ಇದ್ದಿದ್ರೆ ಗಂಡ ಎಚ್ಚರ ಇರ್ತಿದ್ದ, ತಾನೇ ಕೊಂದೆ ಅಂತಾಳಂತೆ."

ಸೂನ್ ಕಾಫಿಯ ಲೋಟವನ್ನು ಪಕ್ಕಕ್ಕೆ ಸರಿಸಿದ. ತಾನು ಹೊರಬೇಕಾದ ಪಾಪವನ್ನು ಆ ಹೆಣ್ಣು ಹೊತ್ತು ಕೂತಿದೆ. ಇನ್ನೂ ಬಾಯಿ ಮುಚ್ಚಿಕೊಂಡಿದ್ದರೆ ತಾನು ಮನುಷ್ಯನೇ ಅಲ್ಲ ಎನಿಸಿತು.

ಮರುದಿನ ಬೆಳಿಗ್ಗೆ ಒಂದು ಚೀಲ ಕಿತ್ತಳೆ ಹಿಡಿದು ಅವಳ ಮನೆಗೆ ಹೋದ. ಮುರಿದ ಕೈಗೆ ಇನ್ನೂ ಪಟ್ಟಿ ಇತ್ತು, ಅವಳೇ ಬಾಗಿಲು ತೆಗೆದಳು.

"ಬನ್ನಿ ಅಂಕಲ್. ಕಾರು ಬಿಚ್ಚೋಕೆ ಪೇಪರ್ ಬೇಕಿತ್ತಾ?"

"ಪೇಪರ್ ಬೇಡಮ್ಮ ರೊಸ್ನಾನಿ. ಕೂತ್ಕೋ. ಒಂದು ಮಾತು ಹೇಳ್ಬೇಕು." ಅವನು ಮಾತ್ರ ಕೂರಲಿಲ್ಲ. "ಜಮ್ರಿ ತೂಕಡಿಸ್ಲಿಲ್ಲ. ಚಕ್ರ ಕಳಚ್ತು. ಸಡಿಲ ಇದ್ದಿದ್ದು ಹಿಂದಿನ ದಿನಾನೇ ನನಗೆ ಗೊತ್ತಿತ್ತು. ನಾನು ಹೇಳ್ಲಿಲ್ಲ."

ರೊಸ್ನಾನಿ ಕುರ್ಚಿಯ ಅಂಚಿಗೆ ಸರಿದು ಕೇಳಿದಳು:

"ಅವರು ಎಚ್ಚರ ಇದ್ರಾ?"

"ಎಚ್ಚರ ಇದ್ದ. ಬ್ರೇಕ್ ಒತ್ತಿದಾನೆ, ರಸ್ತೆ ಮೇಲೆ ಟೈರಿನ ಗುರುತಿತ್ತು ಅಂತ ಲಾರಿಯವನು ಹೇಳ್ದ. ನೀನು ಮಾತಾಡ್ಸಿದ್ರೂ ಅಷ್ಟೇ, ಬಿಟ್ಟಿದ್ರೂ ಅಷ್ಟೇ. ನಿನ್ನದೇನೂ ತಪ್ಪಿಲ್ಲ ತಾಯಿ."

ಅವಳು ಅತ್ತಳು. ಮುರಿದ ಕೈಯನ್ನು ಎದೆಗೊತ್ತಿಕೊಂಡು, ಉಸಿರು ಕಟ್ಟಿ ಕಟ್ಟಿ ಅತ್ತಳು. ತಿಂಗಳಿಂದ ಅವಳ ಮೇಲೆ ಕೂತಿದ್ದ ಭಾರ ಇಳಿಯಿತೇನೋ ಎಂದು ಸೂನ್‌ಗೆ ಒಂದು ಗಳಿಗೆ ಅನಿಸಿತು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು:

"ಯಾಕೆ ಹೇಳ್ಲಿಲ್ಲ?"

"ಅವನ ಹತ್ರ ಇದ್ದಿದ್ದೇ ಆರುನೂರು. ಅದು ಮುಗಿದೋಗಿತ್ತು. ಇನ್ನೂ ಕೇಳಿ ಅವನ ಮಾನ ಕಳೀಬಾರ್ದು ಅಂತ..."

"ಎಷ್ಟಾಗ್ತಿತ್ತು?"

"ಎಂಬತ್ತು."

ರೊಸ್ನಾನಿ ಎದ್ದು ಒಳಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಹಬ್ಬಕ್ಕೆ ಮಕ್ಕಳಿಗೆ ಹಂಚುವ ಹಸಿರು ಲಕೋಟೆಗಳ ಕಟ್ಟು ಇತ್ತು, ರಬ್ಬರ್ ಬ್ಯಾಂಡು ಕೂಡ ಬಿಚ್ಚಿರಲಿಲ್ಲ. ಅದನ್ನು ಅವನ ಮುಂದೆ ಮೇಜಿನ ಮೇಲಿಟ್ಟಳು.

"ಹತ್ತತ್ತು ರಿಂಗಿಟ್, ನಲವತ್ತು ಲಕೋಟೆ. ಅಮ್ಮನ ಊರಿನ ಮಕ್ಕಳಿಗೆ ಅಂತ ವರ್ಷವೆಲ್ಲ ಕೂಡಿಟ್ಟಿದ್ದೆ. ಆವತ್ತು ನನ್ನ ಚೀಲದಲ್ಲೇ ಇತ್ತು ಅಂಕಲ್, ಅವರಿಗೂ ಗೊತ್ತಿತ್ತು. ನೀವು ಕೇಳಿದ್ರೆ ತಂದು ಕೊಡ್ತಿದ್ರು."